ಕೊನೆಯ ಒಂದೂವರೆ ಮೀಟರ್

ಬಸವನ ಬಾಗೇವಾಡಿ ಸೀಮೆಯ ಮಸೂತಿಯಲ್ಲಿ ಎರೆಹೊಲದ ಬದುವಿಗೆ ನಿಂತರೆ ಕೂಡಗಿಯ ಎನ್‌ಟಿಪಿಸಿ ಸ್ಥಾವರ ಕಣ್ಣು ತುಂಬುತ್ತದೆ. ಅಲ್ಲಿ 800 ಮೆಗಾವ್ಯಾಟ್‌ನ ಮೂರು ಘಟಕಗಳಿವೆ. ಒಟ್ಟು 2,400 ಮೆಗಾವ್ಯಾಟ್. 2017 ಮತ್ತು 2018ರಲ್ಲಿ ಅವು ಒಂದೊಂದಾಗಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಮೂರೂ ಪೂರ್ತಿ ಓಡಿದ ದಿನ ಹುಟ್ಟುವ ವಿದ್ಯುತ್ತು 5 ಕೋಟಿ 76 ಲಕ್ಷ ಯೂನಿಟ್. ಅಷ್ಟಕ್ಕೆ ಸುಡಬೇಕಾದ ಕಲ್ಲಿದ್ದಲು 30 ಸಾವಿರ ಟನ್ನಿಗೂ ಹೆಚ್ಚು. ಗದಗ–ಹೋಟಗಿ ದಾರಿಯ ಗೂಡ್ಸ್ ಗಾಡಿಗಳ ಲೆಕ್ಕದಲ್ಲಿ ದಿನಕ್ಕೆ ಎಂಟೊಂಬತ್ತು ರೇಕು. ಉಗಿಯಾಗುವ ನೀರು ಆಲಮಟ್ಟಿಯ ಕೃಷ್ಣೆಯದು. ಟರ್ಬೈನಿನ ದಂಡ ನಿಮಿಷಕ್ಕೆ 3,000 ಸುತ್ತು, ಸೆಕೆಂಡಿಗೆ ಸರಿಯಾಗಿ 50 ಸುತ್ತು ತಿರುಗುತ್ತದೆ. ನಮ್ಮ ಮನೆಯ ಕರೆಂಟಿಗೆ 50 ಹರ್ಟ್ಸ್ ಎನ್ನುವ ಲೆಕ್ಕ ಬಂದಿರುವುದು ಇಂಥ ದಂಡಗಳ ಸುತ್ತಿನಿಂದಲೇ.

ಆ ವಿದ್ಯುತ್ತು ಹೊರಡುವ ದಾರಿ ನೋಡಿ. ಕೂಡಗಿಯಿಂದ 400 ಕಿಲೊವೋಲ್ಟ್ ತಂತಿಯಲ್ಲಿ ಧಾರವಾಡದ ಹತ್ತಿರದ ನರೇಂದ್ರಕ್ಕೆ, ಅಲ್ಲಿಂದ 765 ಕಿಲೊವೋಲ್ಟ್ ತಡೆಯುವಂತೆ ಕಟ್ಟಿದ ಗೋಪುರಗಳ ಮೇಲೆ ಮಧುಗಿರಿಗೆ, ಮತ್ತೆ ಅಲ್ಲಿಂದ ಬಿಡದಿಗೆ. ಬೆಂಗಳೂರಿನ ಬಾಗಿಲಿಗೆ ಬರುವಷ್ಟರಲ್ಲಿ 500 ಕಿಲೊಮೀಟರ್ ದಾಟಿರುತ್ತದೆ. ಆಮೇಲೆ ಉಪಕೇಂದ್ರಗಳಲ್ಲಿ ಒಂದೊಂದು ಮೆಟ್ಟಿಲು ಇಳಿದು 11 ಕಿಲೊವೋಲ್ಟ್ ಆಗಿ, ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರಿನಲ್ಲಿ 230 ವೋಲ್ಟ್ ಆಗಿ, ಮೀಟರ್ ಬೋರ್ಡು, ಗೋಡೆಯೊಳಗಿನ ವೈರು ಹಾದು ಸಾಕೆಟ್ಟಿಗೆ ಬರುತ್ತದೆ. ಕೂಡಗಿ ಒಂದೇ ಅಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿ ದಕ್ಷಿಣದ ಜಾಲವನ್ನು ಉಳಿದ ದೇಶದ ಜಾಲಕ್ಕೆ ಬೆಸೆಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತಿವೆ. 2024ರ ಮೇ 30ರಂದು ಆ ಜಾಲ ಹೊತ್ತ ಭಾರ ಎರಡೂವರೆ ಲಕ್ಷ ಮೆಗಾವ್ಯಾಟ್. ಮನೆಯಲ್ಲಿ ಹಾಡು ನುಡಿಸುವ ನೂರು ವ್ಯಾಟ್‌ನ ಆಂಪ್ಲಿಫೈಯರ್ ಅದರಲ್ಲಿ 250 ಕೋಟಿಯ ಒಂದು ಪಾಲು.

ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಇನ್ನು ಒಂದೂವರೆ ಮೀಟರ್ ಉಳಿದಿದೆ. ಆ ಒಂದೂವರೆ ಮೀಟರಿಗೆ, ಮೀಟರಿಗೆ ಲಕ್ಷ ರೂಪಾಯಿ ದಾಟಿದ ಪವರ್ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಅದನ್ನು ಚುಚ್ಚಿದ ಕೂಡಲೇ ಗಾಯಕನ ದನಿ ಒಂದು ಹೆಜ್ಜೆ ಮುಂದೆ ಬಂತು, ತಬಲಾದ ಬಾಯಾಂ ಬಿಗಿಯಾಯಿತು, ಸ್ವರಗಳ ನಡುವಿನ ಮೌನ ಇನ್ನಷ್ಟು ಕಪ್ಪಾಯಿತು ಎಂದು ಬರೆಯುವ ವಿಮರ್ಶೆಗಳೂ ಇವೆ. ಅದೇ ದರದಲ್ಲಿ ಕೂಡಗಿಯಿಂದ ಬಿಡದಿವರೆಗೆ ಒಂದೆಳೆ ಎಳೆದರೆ 5,000 ಕೋಟಿ ರೂಪಾಯಿ ಬೇಕು. ಇಡೀ ಕೂಡಗಿ ಸ್ಥಾವರದ ಯೋಜನಾ ವೆಚ್ಚ ಸುಮಾರು 15 ಸಾವಿರ ಕೋಟಿ. ಸ್ಥಾವರದ ಮೂರನೇ ಒಂದು ಪಾಲು ಹಣ, ಒಂದೇ ಒಂದು ಎಳೆ ಕಾರ್ಡಿಗೆ!

ಬರೀ ಇಂಥ ಹೋಲಿಕೆಯಿಂದ ಕಾರ್ಡು ಸುಳ್ಳಾಗುವುದಿಲ್ಲ. ಇಂಥ ಕಾರ್ಡು ಮಾಡುವವರ ಕಡೆಯ ಗಟ್ಟಿ ವಾದವನ್ನೂ ಹೇಳಬೇಕು. ಕರೆಂಟಿಗೆ ಕೊಳೆ, ಅಂದರೆ ಗದ್ದಲ, ಬರುವುದು 500 ಕಿಲೊಮೀಟರಿನಾಚೆಯಿಂದ ಅಲ್ಲ, ನಿಮ್ಮದೇ ಮನೆಯ ಫ್ರಿಜ್ಜು, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳಿಂದ. ಉಪಕರಣದ ಕಡೆಯಿಂದ ನೋಡಿದರೆ ಈ ತುಂಡೇ ಮೊದಲ ಮೀಟರು. ಆದ್ದರಿಂದ ಅದನ್ನು ಶುದ್ಧ ಮಾಡಬೇಕು ಎನ್ನುತ್ತಾರೆ. ಒಪ್ಪಬಹುದಾದ ಮಾತು. ಆದರೆ ಅದು ನಿಜವಾದರೆ ಆಂಪ್ಲಿಫೈಯರಿನ ಹೊರದಾರಿಯಲ್ಲಿ ಗದ್ದಲ ಕಡಿಮೆಯಾಗಿರಬೇಕು. ಗದ್ದಲ ಕಡಿಮೆಯಾದರೆ ಅದನ್ನು ಉಪಕರಣದಿಂದ ಅಳೆಯಬಹುದು. ಆಂಪ್ಲಿಫೈಯರಿನೊಳಗೆ ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ರೆಕ್ಟಿಫೈಯರ್, ಆಮೇಲೆ ಹೆಬ್ಬೆರಳು ಗಾತ್ರದ ಕೆಪಾಸಿಟರುಗಳು ಇದ್ದು, ಕರೆಂಟನ್ನು ಹದ ಮಾಡುವಾಗ ಈ ಕೊಳೆಯ ಬಹುಪಾಲನ್ನೂ ಸೋಸುತ್ತವೆ. ಅವೆಲ್ಲ ಸೋತು ಒಂದು ವೈರು ಗೆದ್ದಿತು ಎಂದು ಬರೆಯುವವರು ಎರಡು ಅಂಕಿ ಕೊಡಬೇಕು: ಹಳೆಯ ಕಾರ್ಡಿನಲ್ಲಿ ಗದ್ದಲ ಎಷ್ಟಿತ್ತು, ಹೊಸದರಲ್ಲಿ ಎಷ್ಟಾಯಿತು. ಲಕ್ಷ ರೂಪಾಯಿಯ ವಸ್ತುವಿನ ವಿಮರ್ಶೆಯಲ್ಲಿ ಈ ಎರಡು ಅಂಕಿಗಳೇ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಬೆಲೆ ಎಷ್ಟಾದರೂ ಇರಲಿ, ಕೊಳ್ಳುವವರ ಹಣ ಅವರದು. ಓದುಗನಿಗೆ ಬರೆದವನು ಲೆಕ್ಕ ಕೊಡಬೇಕು.

ತಂತಿಯೊಳಗೆ ಏನಾಗುತ್ತದೆ ಎನ್ನುವುದು ಯಾವ ಜಾಹೀರಾತಿಗಿಂತ ಹೆಚ್ಚು ಬೆರಗಿನದು. ಒಂದೂವರೆ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಕರೆಂಟು ಹರಿಯುವಾಗ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ಸಾಗುವ ವೇಗ ಸೆಕೆಂಡಿಗೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಅದೂ ನೇರ ಕರೆಂಟಿನಲ್ಲಿ. ನಮ್ಮ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ಹಾಗಾಗಿ ಅವು ಎಲ್ಲಿಗೂ ಹೋಗುವುದಿಲ್ಲ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೂ ಕಡಿಮೆ ಜಾಗದಲ್ಲಿ ಅತ್ತಿತ್ತ ಅಲುಗಾಡುತ್ತ ಇದ್ದಲ್ಲೇ ಇರುತ್ತವೆ. ಕೂಡಗಿಯ ಜನರೇಟರಿನ ಒಂದು ಎಲೆಕ್ಟ್ರಾನೂ ಬೆಂಗಳೂರು ಕಂಡಿಲ್ಲ. ದಾಟಿ ಬರುವುದು ಶಕ್ತಿ ಮಾತ್ರ, ಬೆಳಕಿಗೆ ಹತ್ತಿರದ ವೇಗದಲ್ಲಿ.

ಈಗ ಬಾಣದ ಗುರುತು ಹಾಕಿದ ಕೇಬಲ್ಲುಗಳನ್ನು ನೆನೆಯಿರಿ. 2008ರಲ್ಲಿ ಡೆನಾನ್ ಕಂಪನಿ ಎಕೆ-ಡಿಎಲ್1 ಎನ್ನುವ ಒಂದೂವರೆ ಮೀಟರಿನ ನೆಟ್‌ವರ್ಕ್ ಕೇಬಲ್ಲನ್ನು 499 ಡಾಲರಿಗೆ ಮಾರಿತು. ಸಿಗ್ನಲ್ ಯಾವ ಕಡೆ ಹೋಗಬೇಕೆಂದು ತೋರಿಸುವ ಬಾಣಗಳು ಅದರ ಮೇಲಿದ್ದವು. ಸಂಗೀತದ ಸಿಗ್ನಲ್ಲು ಅದರ ಮೂಲದಲ್ಲೇ ಹಿಂದೆ ಮುಂದೆ ತೂಗುವ ವಸ್ತು. ಸಾವಿರ ಹರ್ಟ್ಸಿನ ಒಂದು ಸ್ವರ ಸೆಕೆಂಡಿಗೆ ಎರಡು ಸಾವಿರ ಸಲ ದಿಕ್ಕು ಬದಲಿಸುತ್ತದೆ. ಯಾವ ಬಾಣ ಅದನ್ನು ಒಂದು ಕಡೆಗೆ ನಡೆಸೀತು? ಹೊದಿಕೆಯನ್ನು ಒಂದೇ ತುದಿಯಲ್ಲಿ ಭೂಮಿಗೆ ಬೆಸೆದ ಕೆಲವು ಕೇಬಲ್ಲುಗಳಲ್ಲಿ ಬಾಣಕ್ಕೆ ಅರ್ಥವಿದೆ. ಆ ಅರ್ಥವನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳುವ ವಿಮರ್ಶೆ ನನಗೆ ಕಂಡಿದ್ದು ಅಪರೂಪ.

ಡಿಜಿಟಲ್ ಕೇಬಲ್ಲಿನ ಕಥೆ ಇನ್ನೂ ವಿಚಿತ್ರ. ಸಿಡಿಯ ಸಂಗೀತ ಸೆಕೆಂಡಿಗೆ 14,11,200 ಬಿಟ್. ನಾಲ್ಕು ನಿಮಿಷದ ಒಂದು ಹಾಡಿಗೆ 33 ಕೋಟಿ 86 ಲಕ್ಷದ 88 ಸಾವಿರ ಸೊನ್ನೆ ಮತ್ತು ಒಂದು. ಈಥರ್ನೆಟ್ಟಿನಲ್ಲಿ ಅವು ಪೊಟ್ಟಣ ಪೊಟ್ಟಣವಾಗಿ ಹೋಗುತ್ತವೆ. ಪ್ರತಿ ಪೊಟ್ಟಣಕ್ಕೂ 32 ಬಿಟ್ಟಿನ ಒಂದು ತಾಳೆ ಸಂಖ್ಯೆ ಅಂಟಿಸಿರುತ್ತಾರೆ. ದಾರಿಯಲ್ಲಿ ಕೆಟ್ಟ ಪೊಟ್ಟಣ ಯಾರ ಕಣ್ಣಿಗೂ ಬೀಳದೆ ನುಸುಳುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಯುಪಿಐ ಪಾವತಿಗಳು ಸಾವಿರ ಕೋಟಿ ದಾಟಿದವು. ಮಸೂತಿಯ ಚಹಾದಂಗಡಿಯ ಹತ್ತು ರೂಪಾಯಿಯೂ ಅದರಲ್ಲಿ ಸೇರಿರಬಹುದು. ಅದು ಬ್ಯಾಂಕಿನ ಕಂಪ್ಯೂಟರ್ ಮುಟ್ಟಿ ಬಂದದ್ದು ಸಾಮಾನ್ಯ ಕೇಬಲ್ಲುಗಳಲ್ಲೇ. ಹತ್ತು ರೂಪಾಯಿ ಹೋಗಿ ಒಂಬತ್ತೂಮುಕ್ಕಾಲು ಆಗಲಿಲ್ಲ, ಆ ರೂಪಾಯಿ ಮಸುಕಾಗಿಯೂ ಬರಲಿಲ್ಲ. ಹಣವನ್ನು ಹೀಗೆ ಕಾಯುವ ಅದೇ ಏರ್ಪಾಟು ಹಾಡನ್ನು ಮಾತ್ರ ಮಬ್ಬು ಮಾಡುತ್ತದೆ, 12 ಮೀಟರಿಗೆ 10 ಸಾವಿರ ಡಾಲರ್ ಕೊಟ್ಟು ಕೊಂಡ ಆಡಿಯೊಕ್ವೆಸ್ಟ್ ಕಂಪನಿಯ ಡೈಮಂಡ್ ಕೇಬಲ್ಲು ಅದನ್ನು ತಿಳಿ ಮಾಡುತ್ತದೆ ಎನ್ನುವುದಾದರೆ ಅದಕ್ಕೆ ತಕ್ಕ ಪುರಾವೆ ಬೇಕು. 2015ರಲ್ಲಿ ಆರ್ಸ್ ಟೆಕ್ನಿಕಾ ಪತ್ರಿಕೆ ಅದೇ ಕಂಪನಿಯ ಸುಮಾರು 340 ಡಾಲರಿನ ಇನ್ನೊಂದು ಕೇಬಲ್ಲನ್ನು ಸಾದಾ ಕೇಬಲ್ಲಿನ ಜೊತೆ ಇಟ್ಟು, ಯಾವುದು ಯಾವುದೆಂದು ಹೇಳದೆ ಜನರಿಗೆ ಕೇಳಿಸಿತು. ಕೇಳಿದವರಿಗೆ ಎರಡರ ನಡುವೆ ಭೇದ ಹತ್ತಲಿಲ್ಲ.

ಇಷ್ಟು ಓದಿ, ಇದನ್ನೆಲ್ಲ ನಂಬುವವರ ಕಿವಿ ದಡ್ಡ ಎಂದು ಯಾರೂ ತಿಳಿಯಬಾರದು. ಕಿವಿ ಬಹಳ ಸೂಕ್ಷ್ಮ ಉಪಕರಣ. ಭೂಮಿಯ ಮೇಲೆ ಗಾಳಿಯ ಒತ್ತಡ ಒಂದು ಲಕ್ಷ ಪಾಸ್ಕಲಿನಷ್ಟು. ಚೊಕ್ಕ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಅದನ್ನು ಏರುಪೇರು ಮಾಡುವುದು 500 ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ. ಆಗ ಕಿವಿತಮಟೆ ಅಲುಗುವ ದೂರ ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತ ಕಡಿಮೆ. ಆ ಸದ್ದಿಗೂ ಕಿವಿ ನೋಯುವ ಸದ್ದಿಗೂ ಶಕ್ತಿಯಲ್ಲಿ ಲಕ್ಷ ಕೋಟಿ ಪಟ್ಟು ಅಂತರವಿದೆ. ಒಂದೇ ಅಂಗ ಎರಡನ್ನೂ ಕೇಳಿಸಿಕೊಳ್ಳುತ್ತದೆ. ಅದಕ್ಕಾಗಿ ಒಳಗಿವಿಯಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುವ ಮುಖ್ಯ ರೋಮಕೋಶಗಳು ಸುಮಾರು 3,500 ಮಾತ್ರ.

ಈ ಬೆರಗನ್ನು ಕಣ್ಣಾರೆ ಕಿವಿಯಾರೆ ಕಾಣಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ವಿಜಯಪುರದ ಗೋಳಗುಮ್ಮಟದ ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲು ಏಳು ಅಂತಸ್ತು ಹತ್ತಿ, ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆಗೆ ಬನ್ನಿ. ಮೊಹಮ್ಮದ್ ಆದಿಲ್‌ಶಾಹನ ಈ ಗೋರಿಯ ಮೇಲೆ ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ ನಿಂತಿದೆ. ಕೆಳಗಿನ ನೆಲ ಸುಮಾರು 1,700 ಚದರ ಮೀಟರ್. ಶಾಲೆಯ ಮಕ್ಕಳ ಗದ್ದಲ ಇಲ್ಲದ ಬೆಳಗಿನ ಹೊತ್ತು ಆಚೆ ಕಡೆ ಒಬ್ಬರು ಕಾಗದದ ಚೂರು ಹರಿದರೆ, ಸುಮಾರು 38 ಮೀಟರ್ ಎದುರಿಗೆ ಗೋಡೆಗೆ ಕಿವಿಯಿಟ್ಟು ಕುಳಿತವರಿಗೆ ಅದು ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಸದ್ದು ಗಾಳಿಯಲ್ಲಿ ನೇರ ಹಾರಿ ಬಂದದ್ದಲ್ಲ. ಬಾಗಿದ ಗೋಡೆಯನ್ನು ತಬ್ಬಿಕೊಂಡು ಸುಮಾರು 60 ಮೀಟರ್ ಸುತ್ತಿ, ಸೆಕೆಂಡಿನ ಆರನೇ ಒಂದು ಪಾಲಿನಲ್ಲಿ ಬಂದದ್ದು. ಸಿ.ವಿ. ರಾಮನ್ 1920ರ ದಶಕದ ಮೊದಲ ವರ್ಷಗಳಲ್ಲಿ ಇಂಥ ಪಿಸುಮಾತಿನ ಮೊಗಸಾಲೆಗಳ ಬೆನ್ನು ಹತ್ತಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಜೊತೆಗೆ ಬಿಜಾಪುರದ ಈ ಗುಮ್ಮಟವೂ ಅವರ ಅಧ್ಯಯನದಲ್ಲಿತ್ತು. ಗೈಡುಗಳಲ್ಲಿ ಒಬ್ಬರು ಪ್ರತಿಧ್ವನಿ ಏಳು ಸಲ ಎನ್ನುತ್ತಾರೆ, ಇನ್ನೊಬ್ಬರು ಹತ್ತು ಎನ್ನುತ್ತಾರೆ. ಇಬ್ಬರ ಮಾತನ್ನೂ ಅಲ್ಲೇ ನಿಂತು ಎಣಿಸಿ ನೋಡಬಹುದು. ಚಪ್ಪಾಳೆ ತಟ್ಟಿ ಬೆರಳು ಮಡಚಿದರೆ ಮುಗಿಯಿತು. ಗೈಡ್ ಹೇಳಿದ್ದು ಹೆಚ್ಚಾಗಿರಬಹುದು, ಆದರೆ ಅದು ಪರೀಕ್ಷೆಗೆ ಸಿಗುವ ಮಾತು. ಕೇಬಲ್ಲಿನ ವಿಮರ್ಶೆಯಲ್ಲಿ ನನಗೆ ಬೇಕಾದದ್ದು ಇಷ್ಟೇ, ಎಣಿಸಲು ಬರುವ ಒಂದು ಮಾತು.

ಇಷ್ಟು ಸೂಕ್ಷ್ಮವಾದ ಕಿವಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎನ್ನುವುದೇ ತೊಡಕು. ಕಣ್ಣು ಕಂಡದ್ದು, ಜೇಬು ಕೊಟ್ಟದ್ದು, ನಿನ್ನೆ ಓದಿದ್ದು ಎಲ್ಲವೂ ಕೇಳ್ಮೆಯಲ್ಲಿ ಬೆರೆಯುತ್ತವೆ. ಒಂದು ಡೆಸಿಬೆಲ್ಲಿನ ಕೆಲವು ಹತ್ತನೇ ಪಾಲಿನಷ್ಟು ಸದ್ದು ಹೆಚ್ಚಾದರೆ ನಮಗೆ ಅದು ಜೋರಾಗಿ ಕೇಳಿಸುವುದಿಲ್ಲ, ಚೆನ್ನಾಗಿ ಕೇಳಿಸುತ್ತದೆ. ಅಂಗಡಿಯಲ್ಲಿ ಎರಡು ಉಪಕರಣ ಹೋಲಿಸುವಾಗ ವೋಲ್ಟ್‌ಮೀಟರ್ ಹಿಡಿದು ಎರಡರ ಮಟ್ಟವನ್ನೂ ಸರಿಗಟ್ಟಿಸದಿದ್ದರೆ, ಬಂದ ತೀರ್ಪು ವಾಲ್ಯೂಮ್ ಗುಂಡಿಯ ತೀರ್ಪು. ಇನ್ನೊಂದು ಲೆಕ್ಕ: ನೀವು ಕುರ್ಚಿಯಲ್ಲಿ ಕುಳಿತು ತಲೆಯನ್ನು ಒಂದು ಸೆಂಟಿಮೀಟರ್ ಹಿಂದೆ ಸರಿಸಿದರೆ ಸದ್ದು 29 ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ. ಕೇಬಲ್ಲಿನಿಂದ ಅಷ್ಟು ತಡ ಮಾಡಿಸಬೇಕೆಂದರೆ ಅದು ಸುಮಾರು 5,800 ಮೀಟರ್ ಉದ್ದ ಇರಬೇಕು. ಮಸೂತಿಯಿಂದ ಎಳೆದರೆ ಆಚೆ ಊರಿನ ಶಿವಾರ ಮುಟ್ಟುತ್ತದೆ. ಕೇಬಲ್ ಬದಲಿಸಲು ಎದ್ದು ಹೋಗಿ ಬಂದು ಮತ್ತೆ ಕುಳಿತವರು ಅದೇ ಸೆಂಟಿಮೀಟರಿಗೆ ತಲೆ ಇಟ್ಟಿರುತ್ತಾರೆಯೇ?

ಸ್ಪೀಕರ್ ವೈರಿನ ಲೋಹದ ಮಾತು ಇನ್ನೂ ಸರಳ. ಮೂರು ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, ಎರಡೂವರೆ ಚದರ ಮಿಲಿಮೀಟರಿನ ತಾಮ್ರ ಬೇಕಾದದ್ದು 134 ಗ್ರಾಂ. ತಾಮ್ರಕ್ಕೆ ಕಿಲೋ ಸಾವಿರ ರೂಪಾಯಿ ಹಿಡಿದರೆ 134 ರೂಪಾಯಿ. ಅದರ ರೋಧ 0.04 ಓಮ್, ಎಂಟು ಓಮ್ ಸ್ಪೀಕರಿನಲ್ಲಿ ಅದರಿಂದ ಆಗುವ ನಷ್ಟ ಡೆಸಿಬೆಲ್ಲಿನ ನೂರರಲ್ಲಿ ಐದು ಪಾಲಿಗೂ ಕಡಿಮೆ. ತಾಮ್ರ ಬಿಟ್ಟು ಅಪ್ಪಟ ಬೆಳ್ಳಿ ಹಾಕಿದರೆ ರೋಧ ನೂರಕ್ಕೆ ಐದಾರು ಪಾಲು ಇಳಿಯುತ್ತದೆ. ಕಿವಿಯ ಕಡೆ ಬರುವಾಗ ಆ ಲಾಭ ಡೆಸಿಬೆಲ್ಲಿನ ಸಾವಿರದಲ್ಲಿ ಎರಡು ಮೂರು ಪಾಲು.

ವೈರಿನಿಂದ ಏನೂ ಆಗುವುದಿಲ್ಲ ಎಂದಲ್ಲ. ನಮ್ಮ ಕಡೆ ಜಾತ್ರೆ, ಲಗ್ನ, ಭಜನೆಗೆ ಮೈಕ್ ಸೆಟ್ ಹಾಕುವವರನ್ನು ನೋಡಿ. ಅವರು ಮೊದಲು ಕೇಳುವುದು ‘ಎಷ್ಟು ದೂರ ಎಳೀಬೇಕ್ರಿ?’ ಎಂದು. ಒಂದು ಚದರ ಮಿಲಿಮೀಟರಿನ ತೆಳು ವೈರನ್ನು 50 ಮೀಟರ್ ಎಳೆದರೆ ರೋಧ 1.7 ಓಮ್ ಆಗುತ್ತದೆ. ಸ್ಪೀಕರಿಗೆ ಸಿಗಬೇಕಾದ ಶಕ್ತಿಯಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಕೈ ತಪ್ಪುತ್ತದೆ. ಅದಕ್ಕೇ ಅವರು ದೂರ ಹೆಚ್ಚಾದಂತೆ ದಪ್ಪ ವೈರು ತೆಗೆಯುತ್ತಾರೆ. ಕಟ್ಟರಿನಿಂದ ತುದಿಯ ಪ್ಲಾಸ್ಟಿಕ್ ಸುಲಿದು, ಎಳೆಗಳನ್ನು ಬೆರಳಲ್ಲಿ ಹುರಿ ಮಾಡಿ, ಒಂದು ಎಳೆಯೂ ಹೊರಗೆ ಚಾಚದಂತೆ ತೂತಿಗೆ ತೂರಿಸಿ ಸ್ಕ್ರೂ ಬಿಗಿದು, ಒಮ್ಮೆ ಎಳೆದು ನೋಡುತ್ತಾರೆ. ವೋಲ್ಟೇಜು ಕುಸಿಯುವ ಹಳ್ಳಿಯಲ್ಲಿ ಸ್ಟೆಬಿಲೈಸರ್ ಇಡುತ್ತಾರೆ, ಗುಂಯ್‌ಗುಡುವ ಸದ್ದು ಬಂದರೆ ಅರ್ಥಿಂಗ್ ನೋಡುತ್ತಾರೆ. ದಪ್ಪ, ಉದ್ದ, ಬಿಗಿ, ಅರ್ಥಿಂಗ್: ಇವು ನಿಜಕ್ಕೂ ಫಲ ಕೊಡುವ ವಿಷಯಗಳು. ಸಂಗೀತದ ಪತ್ರಿಕೆಯಲ್ಲಿ ಇವುಗಳ ಬಗ್ಗೆ ಬರೆದರೆ ಓದುಗನ ಹಣ ಉಳಿಯುತ್ತದೆ.

ದುಬಾರಿ ಸಾಮಾನಿನ ಲೋಕದಲ್ಲಿ ಬೇರೆಯದೇ ನಡೆಯಿತು. 1990ರ ಸುಮಾರಿಗೆ ಅಮೆರಿಕದಲ್ಲಿ ಟೈಸ್ ಆಡಿಯೊ ಎನ್ನುವ ಕಂಪನಿ 350 ಡಾಲರಿಗೆ ಒಂದು ಡಿಜಿಟಲ್ ಗಡಿಯಾರ ಮಾರಿತು. ಅದನ್ನು ಮನೆಯ ಸಾಕೆಟ್ಟಿಗೆ ಚುಚ್ಚಿದರೆ ಸಾಕು, ಸ್ಟೀರಿಯೊ ಸುಧಾರಿಸುತ್ತದೆ ಎನ್ನುವುದು ಹೇಳಿಕೆ. ಅದು ಬೇರೆ ಅಂಗಡಿಯಲ್ಲಿ ಸಿಗುವಂಥದೇ ಗಡಿಯಾರ; ತಮ್ಮದೊಂದು ಗುಟ್ಟಿನ ಸಂಸ್ಕಾರ ಮಾಡಿದ್ದೇವೆ ಎಂದಿದ್ದರು. 2007ರಲ್ಲಿ ಪೇರ್ ಎಂಬ ಕಂಪನಿಯ 12 ಅಡಿಯ ಸ್ಪೀಕರ್ ಕೇಬಲ್ ಜೋಡಿಗೆ 7,250 ಡಾಲರ್ ಬೆಲೆ ಇತ್ತು, ಅಂದಿನ ಲೆಕ್ಕದಲ್ಲಿ ಸುಮಾರು 2 ಲಕ್ಷ 90 ಸಾವಿರ ರೂಪಾಯಿ. ಅದನ್ನೂ ಸಾಮಾನ್ಯ ಕೇಬಲ್ಲನ್ನೂ ಕಣ್ಣಿಗೆ ಕಾಣದಂತೆ ಇಟ್ಟು ಕಿವಿಯಿಂದಲೇ ಗುರುತಿಸಿದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಎಂದು ಜಾದೂಗಾರ ಜೇಮ್ಸ್ ರ‍್ಯಾಂಡಿ ಸವಾಲು ಹಾಕಿದ. ಹೆಸರಾಂತ ವಿಮರ್ಶಕ ಮೈಕಲ್ ಫ್ರೆಮರ್ ಒಪ್ಪಿಕೊಂಡು ಮುಂದೆ ಬಂದರು; ಆದರೆ ಪೇರ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ. ಹೀಗಾಗಿ ಆ ಪ್ರಸಂಗದಲ್ಲಿ ಯಾರೂ ಗೆದ್ದರು ಎನ್ನಲಾಗದು. ಗೆಲುವು ಸೋಲು ಎರಡೂ ಇಲ್ಲದೆ ಮುಗಿದ ಪ್ರಸಂಗವನ್ನು ತಮ್ಮ ಪಕ್ಷದ ಪುರಾವೆಯಾಗಿ ಎರಡೂ ಕಡೆಯವರು ಬಳಸುವುದನ್ನು ನೋಡಿದ್ದೇನೆ. ಅದೂ ಅಪ್ರಾಮಾಣಿಕವೇ.

ಕೇಬಲ್ಲಿನವಲ್ಲದಿದ್ದರೂ, ನಡೆದ ಪರೀಕ್ಷೆಗಳ ಅಂಕಿಗಳು ಹೀಗಿವೆ. ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಸೂಕ್ಷ್ಮತೆಯ ಧ್ವನಿಮುದ್ರಣವನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಹೋಲಿಸಿ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ 277ರ ಹತ್ತಿರ ಬರುತ್ತಿತ್ತು! ಆದರೆ ಅವರು ಬಳಸಿದ ಕೆಲವು ಡಿಸ್ಕುಗಳು ನಿಜಕ್ಕೂ ಹೆಚ್ಚು ಸೂಕ್ಷ್ಮತೆಯವೇ ಎಂಬ ಆಕ್ಷೇಪ ಬಂತು. 2016ರಲ್ಲಿ ಜೋಶುವಾ ರೈಸ್ ಇಂಥ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಉತ್ತರಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ನೂರಕ್ಕೆ 52.3 ಸರಿ ಬಂತು. ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಅಂದರೆ ಭೇದ ಪೂರ್ತಿ ಸೊನ್ನೆಯಲ್ಲ, ಕೂದಲೆಳೆಯಷ್ಟಿದೆ. ನನಗೆ ಈ 52.3ರ ಮೇಲೆ ಬಹಳ ಗೌರವ. ಹೌದು ಎನ್ನುವವರಿಗೂ ಇಲ್ಲ ಎನ್ನುವವರಿಗೂ ಪೂರ್ತಿ ಖುಷಿ ಕೊಡದ ಅಂಕಿ ಅದು. ವಿಮರ್ಶೆಯ ಪುಟದಲ್ಲಿ ‘ಹಗಲು ರಾತ್ರಿಯಷ್ಟು ವ್ಯತ್ಯಾಸ’ ಎಂದು ಬರೆದದ್ದು ಅಳತೆಗೆ ಬಂದಾಗ 50ಕ್ಕೂ 52.3ಕ್ಕೂ ನಡುವಿನ ಅಂತರ.

ಕಿವಿಯ ಪ್ರತಿಷ್ಠೆಗೆ ದೊಡ್ಡ ಪೆಟ್ಟು ಬಿದ್ದದ್ದು 2022ರ ಜುಲೈಯಲ್ಲಿ. ಮೊಬೈಲ್ ಫಿಡೆಲಿಟಿ ಎನ್ನುವ ಅಮೆರಿಕದ ಕಂಪನಿ ಹಳೆಯ ಟೇಪುಗಳಿಂದ ನೇರವಾಗಿ ರೆಕಾರ್ಡು ಮಾಡುತ್ತದೆ, ನಡುವೆ ಡಿಜಿಟಲ್ ಎನ್ನುವುದು ಸುಳಿಯುವುದಿಲ್ಲ ಎಂದು ಜನ ನಂಬಿದ್ದರು. ಅದರ ಮೇಲ್ದರ್ಜೆಯ ರೆಕಾರ್ಡಿಗೆ ಆಗ 125 ಡಾಲರ್ ಇತ್ತು. ಮೈಕಲ್ ಜಾಕ್ಸನ್ನನ ಥ್ರಿಲ್ಲರ್ ಅನ್ನು 40 ಸಾವಿರ ಪ್ರತಿ ತರುತ್ತೇವೆ ಎಂದಾಗ ಕೆಲವರಿಗೆ ಅನುಮಾನ ಬಂತು: ಒಂದೇ ಮೂಲ ಟೇಪನ್ನು ಅಷ್ಟು ಪ್ರತಿಗಳಿಗಾಗಿ ಮತ್ತೆ ಮತ್ತೆ ಓಡಿಸುವುದು ಹೇಗೆ? ರೆಕಾರ್ಡ್ ಅಂಗಡಿಯವರೊಬ್ಬರು ಕೇಳಿದರು, ಕಂಪನಿಯ ಎಂಜಿನಿಯರುಗಳೇ ನಿಜ ಹೇಳಿದರು. 2011ರಿಂದಲೇ ಅನೇಕ ರೆಕಾರ್ಡುಗಳಲ್ಲಿ ನಡುವೆ ಡಿಜಿಟಲ್ ಹಂತ ಇತ್ತು. ಡಿಜಿಟಲ್ ಎಂದರೆ ಮೊದಲ ಸ್ವರಕ್ಕೇ ಗೊತ್ತಾಗುತ್ತದೆ ಎನ್ನುತ್ತಿದ್ದ ಕಿವಿಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಕೇಳಿ ಹೊಗಳಿದ್ದವು. ಗುಟ್ಟು ಹೊರಬಿದ್ದದ್ದು ಅಂಕಗಣಿತದಿಂದ, ಕಿವಿಯಿಂದ ಅಲ್ಲ. ಆ ರೆಕಾರ್ಡುಗಳು ನಿಜಕ್ಕೂ ಚೆನ್ನಾಗಿದ್ದವು. ಇಲ್ಲದಿದ್ದದ್ದು ಹೊದಿಕೆಯ ಮೇಲಿನ ಪಟ್ಟಿಯಲ್ಲಿ ಒಂದು ಸತ್ಯದ ಸಾಲು. ಗ್ರಾಹಕರ ದಾವೆಯ ಇತ್ಯರ್ಥ 2 ಕೋಟಿ 50 ಲಕ್ಷ ಡಾಲರಿನ ಮಟ್ಟಕ್ಕೆ ಹೋಯಿತು.

ಈ ರೋಗವನ್ನು ಒಳಗಿನವರೇ ಗುರುತಿಸಿದ್ದರು ಎನ್ನುವುದು ನನಗೆ ಮುಖ್ಯ. 1962ರಲ್ಲಿ ಸ್ಟೀರಿಯೊಫೈಲ್ ಪತ್ರಿಕೆ ಕಟ್ಟಿದ ಜೆ. ಗಾರ್ಡನ್ ಹೋಲ್ಟ್, ಕಿವಿಯಿಂದ ಕೇಳಿ ವಿಮರ್ಶೆ ಬರೆಯುವ ಪದ್ಧತಿಗೆ ಅಡಿಗಲ್ಲು ಹಾಕಿದವರು. 2007ರಲ್ಲಿ, ತಮ್ಮ ಪತ್ರಿಕೆಗೆ 45 ತುಂಬಿದಾಗ, ಕಣ್ಣು ಕಟ್ಟಿ ಪರೀಕ್ಷಿಸುವ ಸಾದಾ ಪ್ರಾಮಾಣಿಕತೆಯನ್ನು ಈ ಲೋಕ ನಿರಾಕರಿಸಿದ್ದರಿಂದಲೇ 1980ರ ದಶಕದಲ್ಲಿ ಅದರ ಮರ್ಯಾದೆ ಹೋಯಿತು ಎಂದು ಅವರು ನೇರವಾಗಿ ಹೇಳಿದರು. ಅದನ್ನು ಅವರು ಹೇಳಿದ್ದು ಅದೇ ಪತ್ರಿಕೆಯ ಸಂಪಾದಕರಿಗೆ. ಎರಡು ವರ್ಷದ ಮೇಲೆ ತೀರಿಕೊಂಡರು.

ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲದೆಯೇ ಸುಳ್ಳು ಪುಟ ತುಂಬಬಹುದು, ಅದೂ ಲೆಕ್ಕದಿಂದ ತಿಳಿಯುತ್ತದೆ. ನೂರು ಜನ ವಿಮರ್ಶಕರು ಒಂದು ಕೇಬಲ್ಲನ್ನು ಐದೈದು ಸಲ ಊಹಿಸಿದರು ಎನ್ನಿ. ಯಾರಿಗೂ ಏನೂ ಕೇಳಿಸದಿದ್ದರೂ ಮೂವರಿಗೆ ಐದಕ್ಕೆ ಐದು ಸರಿ ಬರುವುದು ಸಹಜ. ಆ ಮೂವರು ಪೂರ್ಣ ಶ್ರದ್ಧೆಯಿಂದ ಬರೆಯುತ್ತಾರೆ. ಉಳಿದ 97 ಮಂದಿ ಬರೆಯಲು ಏನೂ ಇಲ್ಲವೆಂದು ಸುಮ್ಮನಾಗುತ್ತಾರೆ. ಓದುಗನ ಕೈಗೆ ಬರುವುದು ಮೂರು ಹೊಗಳಿಕೆ. ಆದ್ದರಿಂದ ಎಷ್ಟು ಸಲ ಕೇಳಿದಿರಿ, ಎಷ್ಟು ಸಲ ತಪ್ಪಿದಿರಿ ಎನ್ನುವುದನ್ನು ಬರೆಯದ ವಿಮರ್ಶೆ ನನ್ನ ದೃಷ್ಟಿಯಲ್ಲಿ ಅರ್ಧ ಹಾಳೆ ಹರಿದ ರಸೀದಿ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ವಸ್ತುವನ್ನು ಹೊಗಳಲು ಹಣ ಅಥವಾ ಉಡುಗೊರೆ ಪಡೆದವರು ಅದನ್ನು ಎದ್ದು ಕಾಣುವಂತೆ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸೂಚಿಸಿತು. ಗ್ರಾಹಕರ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕೆಂದು 2022ರ ನವೆಂಬರಿನಲ್ಲಿ ಐಎಸ್ 19000 ಎನ್ನುವ ಮಾನಕವೇ ಬಂತು, ಅದು ಕಡ್ಡಾಯವಲ್ಲ. ಪುಕ್ಕಟೆ ಬಂದ ಕಾರ್ಡೇ, ಕೊಂಡದ್ದೇ, ಬರೆದ ಮೇಲೆ ಅರ್ಧ ಬೆಲೆಗೆ ಇಟ್ಟುಕೊಂಡದ್ದೇ ಎಂದು ತಿಳಿಸಲು ಒಂದು ಸಾಲು ಸಾಕು.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಗೆಳೆಯರೊಬ್ಬರು, ಒಂದು ಪರದೆ, ಒಂದು ನಾಣ್ಯ, ಕಾಗದ ಪೆನ್ಸಿಲ್, ಒಂದು ಸಂಜೆ. ಎರಡು ಕಾರ್ಡಿನಲ್ಲೂ ಸದ್ದಿನ ಮಟ್ಟ ಒಂದೇ ಇದೆಯೆಂದು ಅಳೆದುಕೊಳ್ಳಿ. ಗೆಳೆಯರು ಪರದೆಯ ಹಿಂದೆ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ದುಬಾರಿ ಕಾರ್ಡನ್ನೋ ಸಾದಾ ಕಾರ್ಡನ್ನೋ ಹಾಕಲಿ. ಪ್ರತಿ ಸಲವೂ ಕಿತ್ತು ಚುಚ್ಚುವ ಸದ್ದು ಮಾಡಲಿ, ಇಲ್ಲವಾದರೆ ನೀವು ಪ್ಲಗ್ಗಿನ ಸದ್ದನ್ನೇ ಗುರುತಿಸುತ್ತೀರಿ. ನೀವು ಮೆಚ್ಚಿದ ಭೀಮಸೇನ ಜೋಶಿಯವರ ಒಂದೇ ಆಲಾಪವನ್ನು ಹದಿನಾರು ಸಲ ಕೇಳಿ, ಪ್ರತಿ ಸಲ ಊಹೆ ಬರೆದಿಡಿ. ಹದಿನಾರು ಸಲದ ಊಹೆಗೆ 65,536 ಬಗೆಯ ಫಲಿತಾಂಶ ಸಾಧ್ಯ.  ಅವುಗಳಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿ ಇರುವವು 2,517, ಅಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನಿಮಗೆ ಹನ್ನೆರಡು ಬಂದರೆ ಇನ್ನೊಂದು ಸಂಜೆ ಅದನ್ನೇ ಮತ್ತೆ ಮಾಡಿ. ಮತ್ತೆ ಹನ್ನೆರಡು ಬಂದರೆ ನನಗೆ ಬರೆದು ಕಳಿಸಿ. ಬಂದು ನಿಮ್ಮ ಮನೆಯಲ್ಲೇ ಕೂತು ಕೇಳುವೆ. ಎಂಟು ಬಂದರೆ ಅದನ್ನೂ ಬರೆಯಿರಿ, ಕಾರ್ಡಿನ ಬೆಲೆಯ ಪಕ್ಕದಲ್ಲೇ.